ನವನಗರದ ಪಕ್ಕದ ವಸತಿ ಸಮುಚ್ಚಯ: ಮರಗಿಡ ಮತ್ತು ವಿದ್ಯುತ್ತಿನ ಷರತ್ತುಗಳಿಗೆ ನಾವು ಏನು ಸೇರಿಸಬೇಕು?

ನವನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ಪಿ.ಬಿ. ರಸ್ತೆಯಿಂದ ಒಳಗೆ, ನಮ್ಮ ಬಡಾವಣೆಗೆ ಹೊಂದಿಕೊಂಡಿರುವ ನಾಲ್ಕು ಎಕರೆ ಗೋದಾಮಿನ ಜಾಗದಲ್ಲಿ ಹತ್ತು ಅಂತಸ್ತಿನ ಮೂರು ಕಟ್ಟಡಗಳು ಬರಲಿವೆ. ಒಟ್ಟು 180 ಮನೆ, ರಸ್ತೆಯ ಮಗ್ಗುಲಿಗೆ ಒಂದು ಅಂಗಡಿ ಸಾಲು. ಕಟ್ಟಲೇಬಾರದು ಎಂಬ ವಾದ ನನ್ನದಲ್ಲ. ಪಾಳು ಬಿದ್ದ ಗೋದಾಮಿಗಿಂತ ದೀಪ ಉರಿಯುವ ಮನೆಗಳು ಮೇಲು. ಪರವಾನಗಿಗೆ ಮುನ್ನ ಪಾಲಿಕೆಯವರು ಕೆಲವು ಷರತ್ತು ಹಾಕಲು ಹೊರಟಿದ್ದಾರೆ, ಕಟ್ಟುವವರು ಚೌಕಾಸಿ ಮಾಡುತ್ತಿದ್ದಾರೆ. ಮೊನ್ನೆ ವಲಯ ಕಚೇರಿಯಲ್ಲಿ ನಡೆದ ಮಾತುಕತೆಗೆ ಅಕ್ಕಪಕ್ಕದವರೆಂದು ನಮ್ಮನ್ನೂ ಕರೆದಿದ್ದರು.

ಗೋಡೆಯ ಮೇಲೆ ಬಣ್ಣದ ಚಿತ್ರ ತೋರಿಸಿದರು. ಅದರಲ್ಲಿ ಮರಗಳು ಮೂರನೆಯ ಮಹಡಿಯ ಎತ್ತರಕ್ಕಿವೆ, ಹುಲ್ಲುಹಾಸಿನ ಮೇಲೆ ಮಕ್ಕಳು ಚೆಂಡಾಡುತ್ತಿದ್ದಾರೆ. ಆ ಮರಗಳ ಕೆಳಗೆ ಏನಿದೆ ಎಂದು ನಕ್ಷೆಯ ಇನ್ನೊಂದು ಹಾಳೆ ತಿರುವಿದರೆ ಅಲ್ಲಿ ನೆಲಮಾಳಿಗೆಯ ವಾಹನ ನಿಲುಗಡೆ!

ಕರಡಿನಲ್ಲಿ ಸದ್ಯ ಇರುವುದು ಇಷ್ಟು. 200 ಗಿಡ ನೆಡಬೇಕು, 1,500 ಚದರ ಮೀಟರ್ ಹುಲ್ಲುಹಾಸು ಬೆಳೆಸಬೇಕು, ಕೊಳಚೆ ನೀರಿನ ಶುದ್ಧೀಕರಣ ಘಟಕ ಬೇಕು, ನೀರು ಕಾಯಿಸಲು ಸೌರ ಸಾಧನ ಬೇಕು. ಚಾವಣಿಯ ಸೌರ ವಿದ್ಯುತ್ತಿನಲ್ಲಿ ಪಾಲಿಕೆ 50 ಕಿಲೋವ್ಯಾಟ್ ಕೇಳುತ್ತಿದೆ, ಅವರು 15ಕ್ಕೆ ಒಪ್ಪುತ್ತಾರೆ. ಪಶ್ಚಿಮದ ಗಡಿಯಲ್ಲಿ ಒಂದು ದೊಡ್ಡ ಹುಣಸೆ, ಆರು ಬೇವು, ಒಂದು ಅರಳಿ ಇವೆ. ಎಂಟನ್ನೂ ಕಡಿದು, ಒಂದಕ್ಕೆ ಹತ್ತರಂತೆ ಗಿಡ ನೆಡುತ್ತಾರಂತೆ.

ಮುಂದಿನ ಸಭೆಯೊಳಗೆ ಸಲಹೆಗಳನ್ನು ಬರೆದು ಕೊಡಿ ಎಂದು ಅಧಿಕಾರಿ ಹೇಳಿದ್ದಾರೆ. ದಯವಿಟ್ಟು ಬೈಗುಳ ಬೇಡ. ಷರತ್ತಿನ ಹಾಳೆಗೆ ಹಾಗೆಯೇ ಇಳಿಸಬಹುದಾದ ವಾಕ್ಯಗಳನ್ನು ಕೊಡಿ.

ಸಾಧನಕೇರಿ

ಬೈಗುಳ ಬೇಡವೆಂದರೆ ನನಗೆ ಬರೆಯಲು ಉಳಿಯುವುದೇ ಕಡಿಮೆ. ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ದಾರಿಯ ಕಾಮಗಾರಿಗೆ ಪಿ.ಬಿ. ರಸ್ತೆಯ ಹಳೆಯ ಮರಗಳು ಹೋದಾಗಲೂ ಒಂದಕ್ಕೆ ಇಷ್ಟು ಎಂಬ ಲೆಕ್ಕವನ್ನೇ ಕೇಳಿದ್ದೆವು. ಆ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನ ಒಳಗೆ ಏಸಿಯ ತಂಪು. ಮಧ್ಯಾಹ್ನ ಎರಡು ಗಂಟೆಗೆ ನಿಲ್ದಾಣದ ತನಕ ನಡೆದು ಬರುವವರನ್ನು ನೆರಳಿನ ವಿಷಯ ಕೇಳಿ ನೋಡಿ. ಷರತ್ತು ಎಂಬುದು ಕಣ್ಣೊರೆಸುವ ತಂತ್ರ. ನೆಟ್ಟ ದಿನ ಫೋಟೋ, ಮರುದಿನ ಮೇಕೆ.

ಎರೆಹೊಲ

ನಾನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಈಗ ನರ್ಸರಿ ನಡೆಸುತ್ತಿರುವವನು. 200 ಎಂಬ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ. ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿ ಕೊಡುವಾಗ ಪ್ರತಿ 80 ಚದರ ಮೀಟರ್ ಜಾಗಕ್ಕೆ ಒಂದು ಮರ ಎಂಬ ಷರತ್ತು ಇರುತ್ತದೆ. ನಾಲ್ಕು ಎಕರೆ ಎಂದರೆ ಸುಮಾರು 16,000 ಚದರ ಮೀಟರ್, ಭಾಗಿಸಿದರೆ ಇನ್ನೂರು. ಲೆಕ್ಕ ಸರಿ. ನೆಲ ಎಲ್ಲಿದೆ?

ನೆಲಮಾಳಿಗೆಯ ಸ್ಲ್ಯಾಬಿನ ಮೇಲೆ ಒಂದಡಿ ಮಣ್ಣು ಹಾಕಿದರೆ ಹುಲ್ಲು ಬರುತ್ತದೆ. ಎರಡಡಿ ಹಾಕಿದರೆ ದಾಸವಾಳ, ಕಣಗಿಲೆ ಬಂದಾವು. ನೆರಳು ಕೊಡುವ ಮರಕ್ಕೆ ನಾಲ್ಕೈದು ಅಡಿ ಆಳವಾದರೂ ಬೇಕು. ಮಳೆಯಲ್ಲಿ ನೆನೆದ ಅಷ್ಟು ಮಣ್ಣಿನ ಭಾರ ಹೊರುವ ಸ್ಲ್ಯಾಬನ್ನು ಯಾರೂ ಉಚಿತವಾಗಿ ಹಾಕಿ ಕೊಡುವುದಿಲ್ಲ. ಆದ್ದರಿಂದ ಗಿಡದ ಸಂಖ್ಯೆಯ ಮೇಲೆ ಜಗಳ ಮಾಡಬೇಡಿ. ಕೆಳಗೆ ಯಾವ ನಿರ್ಮಾಣವೂ ಇಲ್ಲದ ಸಹಜ ನೆಲ ಎಷ್ಟು ಉಳಿಯುತ್ತದೆ, ಎಲ್ಲಿ ಉಳಿಯುತ್ತದೆ ಎಂದು ಕೇಳಿ. ಅದು ಚೂರುಪಾರಾಗಿ ಇರಬಾರದು, ಒಂದೇ ಪಟ್ಟಿಯಾಗಿರಬೇಕು.

ಎರಡನೆಯದು ಗುಂಡಿ. ಈಚೆಗೆ ಒಂದು ಬಡಾವಣೆಯಲ್ಲಿ ಸತ್ತ ಗಿಡಗಳನ್ನು ಬದಲಿಸಲು ಕರೆದಿದ್ದರು. ಒಂದನ್ನು ಹಿಡಿದು ಎಳೆದರೆ ಮೂಲಂಗಿ ಬಂದಷ್ಟು ಸಲೀಸಾಗಿ ಕೈಗೆ ಬಂತು. ಗುಂಡಿ ಮೊಳದಷ್ಟೂ ಆಳವಿಲ್ಲ. ತಳದಲ್ಲಿ ಇಟ್ಟಿಗೆ ಚೂರು, ಚೀಲದೊಳಗೇ ಗಟ್ಟಿಯಾದ ಸಿಮೆಂಟು. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ಹಾಗೆಯೇ ಇಳಿಸಿದ್ದರು. ಬೇರುಗಳು ಹೊರಗೆ ದಾರಿ ಕಾಣದೆ ಚೀಲದೊಳಗೇ ಸುತ್ತು ಹೊಡೆದು ಹೆಣೆದುಕೊಂಡಿದ್ದವು. ಕಾಗದದ ಪ್ರಕಾರ ಆ ಗಿಡವನ್ನು ನೆಟ್ಟಾಗಿತ್ತು! ಹೀಗಾಗಿ ಗುಂಡಿ ಒಂದು ಮೀಟರ್ ಉದ್ದ, ಅಗಲ, ಆಳ ಇರಬೇಕು, ಮುಚ್ಚುವ ಮುನ್ನ ಪಾಲಿಕೆಯ ತೋಟಗಾರಿಕೆಯವರು ನೋಡಬೇಕು ಎಂದು ಬರೆಸಿ. ಕಟ್ಟಡದ ಜಾಗದ ಮೇಲ್ಮಣ್ಣನ್ನು 20 ಸೆಂಟಿಮೀಟರ್ ಆಳಕ್ಕೆ ಕೆರೆದು ಬೇರೆಯಾಗಿ ರಾಶಿ ಹಾಕಿ, ಕೊನೆಗೆ ಅದನ್ನೇ ಗಿಡಗಳಿಗೆ ಬಳಸಬೇಕು ಎಂಬುದು ಪರಿಸರ ಅನುಮತಿಯ ಷರತ್ತುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊದಲ ವಾರದಲ್ಲೇ ಟಿಪ್ಪರಿನಲ್ಲಿ ಹೊರಗೆ ಹೋಗುವುದೂ ಅದೇ ಮಣ್ಣು.

ಹುಬ್ಬಳ್ಳಿಯ ಪೂರ್ವಕ್ಕೆ ಎರೆ, ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು. ನಡುವಿನ ಜಾಗದಲ್ಲಿ ತೋಡಿ ನೋಡಿಯೇ ಹೇಳಬೇಕು. ಎರೆ ಸಿಕ್ಕರೆ ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುತ್ತದೆ. ಗುಂಡಿಗೆ ಗರಸು, ಮರಳು, ಗೊಬ್ಬರ ಬೆರೆಸಬೇಕು. ಅಡಿಪಾಯಕ್ಕೆ ಅಂಟಿಸಿ ದೊಡ್ಡ ಮರ ನೆಡಬಾರದು. ಮರ ತೇವ ಹೀರಿದಂತೆ ಎರೆ ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ, ಆಮೇಲೆ ಬೈಗುಳ ಮರಕ್ಕೆ. ಬೇವು, ಹೊಂಗೆ, ಕಕ್ಕೆ, ಹೊಳೆ ದಾಸವಾಳ ಸಾಕು. ಕಂಬದಂಥ ಅಶೋಕ, ರಾಯಲ್ ಪಾಮ್‌ಗಳನ್ನು ನೆರಳಿನ ಮರದ ಲೆಕ್ಕಕ್ಕೆ ಹಿಡಿಯಬಾರದು. ಕೊನೊಕಾರ್ಪಸ್ ಎಂಬ ವಿದೇಶಿ ಗಿಡವಂತೂ ಬೇಡವೇ ಬೇಡ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಸೈಟ್ ಇಂಜಿನಿಯರ್

ಎರೆಹೊಲ ಸರ್, ನಿಮ್ಮ ಮಣ್ಣಿನ ಮಾತು ಒಪ್ಪುತ್ತೇನೆ. ಆದರೆ ಕಟ್ಟುವವರ ಕಡೆಯಿಂದಲೂ ಒಂದು ಮಾತು ಇರಲಿ. ನಾನು ಈ ಯೋಜನೆಯವನಲ್ಲ, ಇಂಥ ಯೋಜನೆಗಳಲ್ಲಿ ದುಡಿಯುವವನು.

ನೆಲಮಾಳಿಗೆಯನ್ನು ಯಾರೂ ಹವ್ಯಾಸಕ್ಕೆ ತೋಡುವುದಿಲ್ಲ. ಮನೆಗಿಷ್ಟು ಕಾರು ಎಂದು ನಿಯಮ ಹೇಳುತ್ತದೆ. ಎತ್ತರದ ಕಟ್ಟಡದ ಸುತ್ತ ಅಗ್ನಿಶಾಮಕ ವಾಹನ ತಿರುಗಲು ದಾರಿ ಬಿಡಬೇಕು, ಅಲ್ಲಿ ಮರ ನೆಡುವಂತಿಲ್ಲ. ಇವೆರಡೂ ಕಳೆದರೆ ಅಂಚಿನಲ್ಲಿ ಉಳಿಯುವುದೇ ಒಂದಿಷ್ಟು. ನೆಲಮಾಳಿಗೆ ಚಿಕ್ಕದು ಮಾಡಿ ಎನ್ನುತ್ತೀರಿ, ನಾಳೆ ನಿಮ್ಮ ಗೇಟಿನ ಮುಂದೆ ಕಾರುಗಳು ನಿಂತಾಗ ಇಲ್ಲಿಯೇ ದೂರು ಬರೆಯುತ್ತೀರಿ. ಹಾಕಿಸುವ ಪ್ರತಿ ಷರತ್ತಿನ ಬಿಲ್ಲು ಕೊನೆಗೆ ಮನೆ ಕೊಳ್ಳುವವರ ಹೆಗಲಿಗೇ ಬೀಳುತ್ತದೆ, ಅದೂ ನೆನಪಿರಲಿ.

ಆದರೂ ಒಂದು ದಾರಿ ಇದೆ. ನೀವು ಹೇಳಿದಂತೆ ಮರಗಳೆಲ್ಲ ಪಶ್ಚಿಮದ ಗಡಿಯಲ್ಲೇ ಇದ್ದರೆ, ಅವುಗಳನ್ನು ಕಡಿಯಬೇಕೆನ್ನಲು ಬಹುತೇಕ ಕಾರಣ ನೆಲಮಾಳಿಗೆಗೆ ಇಳಿಯುವ ಇಳಿಜಾರು ಅಲ್ಲಿರುವುದು. ಅದನ್ನು ಪೂರ್ವಕ್ಕೆ ಸರಿಸಿದರೆ ನಾಲ್ಕೈದು ಕಾರಿನ ಜಾಗ ಹೋಗಬಹುದು, ಪಶ್ಚಿಮದ ಪಟ್ಟಿ ಉಳಿಯುತ್ತದೆ. ಈ ಹಂತದಲ್ಲಿ ಇಳಿಜಾರು ಸರಿಸುವುದು ವಾಸ್ತುಶಿಲ್ಪಿಗೆ ಎರಡು ದಿನದ ಕೆಲಸ. ನಕ್ಷೆ ಮಂಜೂರಾದ ಮೇಲೆ ಯಾರ ಅಪ್ಪನೂ ಸರಿಸುವುದಿಲ್ಲ. ಕೇಳುವುದಿದ್ದರೆ ಈಗ ಕೇಳಿ.

ಸಾಧನಕೇರಿ

ಕಟ್ಟುವವರ ಕಡೆಯಿಂದ ಇಂಥ ಸಲಹೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಇಂಜಿನಿಯರ್ ಸಾಹೇಬರಿಗೆ ಒಂದು ಪ್ಲೇಟ್ ಗಿರ್ಮಿಟ್ ಬಾಕಿ.

ಸೊಸೈಟಿ ಕಾರ್ಯದರ್ಶಿ

ಮರ, ಇಳಿಜಾರು ಸರಿ. ನೀರಿನ ಮಾತು ಯಾರೂ ಎತ್ತಲಿಲ್ಲ. ನಾನು ಹುಬ್ಬಳ್ಳಿಯ ಒಂದು ಅಪಾರ್ಟ್‌ಮೆಂಟಿನ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ನಮಗೂ ಇದೇ ಷರತ್ತುಗಳಿದ್ದವು: ಶುದ್ಧೀಕರಣ ಘಟಕ ಇರಬೇಕು, ಅದರ ನೀರು ತೋಟಕ್ಕೆ ಹೋಗಬೇಕು. ಘಟಕ ಇದೆ. ನೆಲಮಾಳಿಗೆಯ ಮೂಲೆಯಲ್ಲಿ, ಕಬ್ಬಿಣದ ಬಾಗಿಲಿನ ಹಿಂದೆ, ನೀಲಿ ಬಣ್ಣ ಬಳಿದ ಎರಡು ಬ್ಲೋವರ್. ಕೊಳಚೆಯನ್ನು ತಿಂದು ಹಾಕುವ ಸೂಕ್ಷ್ಮಜೀವಿಗಳಿಗೆ ಹಗಲೂ ರಾತ್ರಿ ಗಾಳಿ ಊದುವುದು ಅವುಗಳ ಕೆಲಸ. ಬಿಲ್ಡರ್ ಕೈಬಿಟ್ಟು ಹೋದ ಮೇಲೆ ಎಲ್ಲರಿಗೂ ಸೇರಿದ ಸಾಮಾನ್ಯ ಮೀಟರಿನ ಮೊದಲ ಬಿಲ್ಲು ಬಂದಾಗ ಸಭೆಯಲ್ಲಿ ಗದ್ದಲವಾಯಿತು. ಬ್ಲೋವರನ್ನು ಹಗಲು ನಿಲ್ಲಿಸಿ ಎಂದು ಒಬ್ಬರು, ರಾತ್ರಿಯೂ ನಿಲ್ಲಿಸಿ ಎಂದು ಇನ್ನೊಬ್ಬರು. ನಿಲ್ಲಿಸಿದರು. ನಾಲ್ಕೇ ದಿನದಲ್ಲಿ ತೊಟ್ಟಿಯ ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಲಿಫ್ಟಿನ ಒಳಗೂ ಬಂತು. ಆ ನೀರನ್ನು ಗಿಡಕ್ಕೆ ಬಿಟ್ಟರೆ ಕೆಳಗಿನ ಮಹಡಿಯವರು ಕಿಟಕಿ ತೆರೆಯುವಂತಿಲ್ಲ. ತೋಟಕ್ಕೆ ಬೋರ್‌ವೆಲ್ ನೀರು ಬಿಟ್ಟೆವು, ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ತರಿಸಿದೆವು, ಟ್ಯಾಂಕರ್ ದುಬಾರಿಯಾದಾಗ ತೋಟ ಒಣಗಿತು.

ನಿಮ್ಮ 180 ಮನೆಗೆ ಮನೆಗೈದು ಜನರಂತೆ, ತಲೆಗೆ 135 ಲೀಟರಿನಂತೆ ಹಿಡಿದರೆ ದಿನಕ್ಕೆ ಒಂದು ಲಕ್ಷ ಲೀಟರಿನ ಆಸುಪಾಸು ಕೊಳಚೆ ನೀರು ಬರುತ್ತದೆ. 1,500 ಚದರ ಮೀಟರ್ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ಮೀಟರಿಗೆ ಐದು ಲೀಟರ್ ಹಿಡಿದರೂ ದಿನಕ್ಕೆ 7,500 ಲೀಟರ್. ಬ್ಲೋವರ್ ತಿರುಗಿದರೆ ಅದು ಮನೆಯಲ್ಲೇ ಇರುವ ನೀರು. ನಿಂತರೆ ದಿನಕ್ಕೆ ಒಂದೂವರೆ ಟ್ಯಾಂಕರ್. ಮಲಪ್ರಭೆಯ ನೀರು ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಇಲ್ಲಿರುವ ಯಾರಿಗೂ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟೇ. ಮರಗಿಡದ ಷರತ್ತು, ವಿದ್ಯುತ್ತಿನ ಷರತ್ತು ಎಂದು ಎರಡು ಪಟ್ಟಿ ಮಾಡಬೇಡಿ. ಬ್ಲೋವರಿನ ಬಿಲ್ಲನ್ನು ಯಾರು ಕಟ್ಟುತ್ತಾರೆ ಎಂಬುದು ತೀರ್ಮಾನವಾದರೆ ಮರ ಬದುಕುತ್ತದೋ ಇಲ್ಲವೋ ಎಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ.

ಮೀಟರ್ ಬೋರ್ಡ್

ಕಾರ್ಯದರ್ಶಿಗಳು ಸರಿಯಾದ ಗಂಟಿಗೇ ಕೈ ಹಾಕಿದ್ದಾರೆ. ನಾನು ವಿದ್ಯುತ್ ಗುತ್ತಿಗೆದಾರ, ಸೌರ ಫಲಕ ಕೂರಿಸುವುದೂ ನನ್ನ ಕೆಲಸ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡೇ ಓದಿ.

ನಮ್ಮ ಕಡೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಕಡಿಮೆ, ಮಾರ್ಚ್, ಏಪ್ರಿಲಿನಲ್ಲಿ ಹೆಚ್ಚು. ಶುದ್ಧೀಕರಣ ಘಟಕಕ್ಕೆ ಸಾವಿರ ಲೀಟರಿಗೆ ಸುಮಾರು ಒಂದು ಯೂನಿಟ್ ಹಿಡಿಯಿರಿ, ದಿನಕ್ಕೆ ನೂರು ಯೂನಿಟ್. ಅವರು ಒಪ್ಪುತ್ತಿರುವ 15 ಕಿಲೋವ್ಯಾಟ್ ಕೊಡುವುದು ಅರವತ್ತು. ಅಂದರೆ ಬ್ಲೋವರಿಗೇ ಸಾಲದು, ಲಿಫ್ಟು, ಪಂಪುಗಳ ಮಾತು ಹಾಗಿರಲಿ. ಪಾಲಿಕೆ ಕೇಳುವ 50 ಕಿಲೋವ್ಯಾಟಿನಲ್ಲಿ ದಿನಕ್ಕೆ ಇನ್ನೂರು ಯೂನಿಟ್ ಬರುತ್ತದೆ. ಘಟಕ ನಡೆದು, ಪಂಪಿಗೂ ಒಂದಿಷ್ಟು ಉಳಿಯುತ್ತದೆ. ಇದನ್ನು ಅಧಿಕಾರಿಯ ಮುಂದೆ ಇಡಿ. 50 ಎಂಬುದಕ್ಕೆ ಆಧಾರ ಏನು ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ.

ಮನೆಮನೆಗೆ ಗೃಹಜ್ಯೋತಿಯ ಉಚಿತ ವಿದ್ಯುತ್ ಇದೆ, ಸೌರ ವಿದ್ಯುತ್ ಯಾರಿಗೆ ಬೇಕು ಎಂಬ ಮಾತು ಬರುತ್ತದೆ. ಮನೆಯೊಳಗಿನ ಮೀಟರಿಗೆ ಅದು ನಿಜ. ಸಾಮಾನ್ಯ ಮೀಟರಿಗೆ ಗೃಹಜ್ಯೋತಿ ಇಲ್ಲ. ಅಲ್ಲಿ ಉರಿಯುವ ಪ್ರತಿ ಯೂನಿಟ್ಟಿಗೂ ಹೆಸ್ಕಾಂಗೆ ದುಡ್ಡು ಕಟ್ಟಲೇಬೇಕು. ಚಾವಣಿಯ ಫಲಕವನ್ನು ಆ ಮೀಟರಿಗೇ ಜೋಡಿಸಬೇಕು.

ದುಡ್ಡಿನ ವಿಷಯ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಸಾಮಾನ್ಯ ಸೌಲಭ್ಯಗಳಿಗಾಗಿ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. 50 ಕಿಲೋವ್ಯಾಟಿಗೆ ಒಂಬತ್ತು ಲಕ್ಷ. ಸಹಾಯಧನ ಸಿಗುವುದು ಸಂಘಕ್ಕೆ, ಬಿಲ್ಡರಿಗಲ್ಲ. ಇಲ್ಲಿಯೇ ಚೌಕಾಸಿಗೆ ಎಡೆ ಇರುವುದು. ಅವರು ಪೂರ್ತಿ 50 ಹಾಕಲು ಒಪ್ಪದಿದ್ದರೆ, ಬಿಸಿಲು ಬೀಳುವ ಜಾಗ ಕಾಯ್ದಿಡುವುದು, ಕಬ್ಬಿಣದ ಚೌಕಟ್ಟು ನಿಲ್ಲಿಸುವುದು, ಕೆಳಗಿನ ಮೀಟರ್ ಕೋಣೆಯ ತನಕ ಪೈಪು ಮತ್ತು ಕೇಬಲ್ ಎಳೆಯುವುದು ಅವರ ಪಾಲಿಗೆ ಬರಲಿ. ಫಲಕದ ಒಂದು ಪಾಲನ್ನು ಸಂಘ ಸಹಾಯಧನ ಪಡೆದು ಹಾಕಿಕೊಳ್ಳಲಿ. ಕಟ್ಟಿ ಮುಗಿದ ಕಟ್ಟಡದಲ್ಲಿ ಹತ್ತನೆಯ ಅಂತಸ್ತಿನಿಂದ ಕೇಬಲ್ ಇಳಿಸುವುದು ಎಂಥ ರಗಳೆ ಎಂದು ನನಗೆ ಗೊತ್ತು.

ಸೈಟ್ ಇಂಜಿನಿಯರ್

50 ಕಿಲೋವ್ಯಾಟಿಗೆ 500 ಚದರ ಮೀಟರ್ ಬೇಕು. ಚಾವಣಿಯ ಮೇಲೆ ನೀರಿನ ತೊಟ್ಟಿ, ಲಿಫ್ಟ್ ಕೋಣೆ, ಮೇಲಿಂದ 180 ಮನೆಗೆ ಸೌರ ಹೀಟರ್. ಹಿಡಿಸುವುದು ಕಷ್ಟ.

ಮೀಟರ್ ಬೋರ್ಡ್

ಚೌಕಟ್ಟನ್ನು ತಲೆಯ ಮೇಲಿನ ಎತ್ತರಕ್ಕೆ ಎತ್ತಿ ತೊಟ್ಟಿಗಳ ಮೇಲೆ ಹಾಯಿಸಿದರೆ ಹಿಡಿಸುತ್ತದೆ. ಹೀಟರಿನ ಬಗ್ಗೆ ನನ್ನ ತಕರಾರು ಬೇರೆಯೇ ಇದೆ. ರಾಜ್ಯದಲ್ಲಿ ಸೌರ ಹೀಟರ್ ಕಡ್ಡಾಯವಾಗಿ ವರ್ಷಗಳೇ ಕಳೆದವು, ಒಳ್ಳೆಯದೇ. ಆದರೆ ಹತ್ತು ಅಂತಸ್ತಿನ ಮೇಲಿನ ಬಿಸಿನೀರು ಎರಡನೆಯ ಅಂತಸ್ತಿಗೆ ಇಳಿಯುವಷ್ಟರಲ್ಲಿ ಪೈಪಿನಲ್ಲೇ ಆರಿರುತ್ತದೆ. ಕೆಳಗಿನವರು ಬಿಸಿನೀರು ಬರುವ ತನಕ ಬಕೆಟ್‌ಗಟ್ಟಲೆ ತಣ್ಣೀರು ಚರಂಡಿಗೆ ಬಿಟ್ಟು, ಬೇಸತ್ತು ಗೀಸರ್ ಹಾಕಿಸಿಕೊಳ್ಳುತ್ತಾರೆ. ಪೈಪಿಗೆ ದಪ್ಪ ಕವಚ ಮತ್ತು ಬಿಸಿನೀರು ತಿರುಗಿ ಮೇಲೆ ಹೋಗುವ ಮರುಹರಿವಿನ ಕೊಳವೆ ಇರಲೇಬೇಕೆಂದು ಬರೆಸಿ.

ಚಿಗರಿ ಪ್ರಯಾಣಿಕೆ

ಎಲ್ಲರೂ ಚಾವಣಿಯ ಮೇಲೇ ಇದ್ದೀರಿ, ಸ್ವಲ್ಪ ಗೋಡೆಯತ್ತ ನೋಡಿ ಅಣ್ಣಂದಿರೇ. ಉತ್ಪಾದಿಸುವ ಮಾತು ಆಮೇಲೆ, ಮೊದಲು ಉಳಿಸುವ ಮಾತು. ಅಂಗಡಿ ಸಾಲಿನ ಮುಖ ಯಾವ ಕಡೆಗಿದೆ? ಪಶ್ಚಿಮಕ್ಕಿದ್ದು, ಮೇಲಿಂದ ಕೆಳಗಿನವರೆಗೆ ಗಾಜು ಜಡಿದರೆ, ಮಧ್ಯಾಹ್ನದ ಬಿಸಿಲೆಲ್ಲ ಒಳಗೆ ಬರುತ್ತದೆ. ಅದನ್ನು ಹೊರಗೆ ಹಾಕಲು ಏಸಿ, ಏಸಿಯ ಬಿಸಿ ಗಾಳಿ ನಮ್ಮ ಪಾದಚಾರಿ ದಾರಿಗೆ. ವಿದ್ಯಾನಗರದ ಕಡೆ ನಡೆದು ನೋಡಿದವರಿಗೆ ಗೊತ್ತು, ಕೆಲವು ಮಳಿಗೆಗಳ ಮುಂದೆ ನಿಂತರೆ ಎರಡು ಕಡೆಯಿಂದ ಬೇಯುತ್ತೇವೆ.

ವಾಣಿಜ್ಯ ಕಟ್ಟಡದ ವಿದ್ಯುತ್ ಜೋಡಣೆ ಭಾರ (ಜೋಡಿಸಿದ ಉಪಕರಣಗಳ ಒಟ್ಟು ಸಾಮರ್ಥ್ಯ) 100 ಕಿಲೋವ್ಯಾಟ್ ಮುಟ್ಟಿದರೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಅನ್ವಯಿಸುತ್ತದೆ; ಗಾಜು, ಗೋಡೆ, ದೀಪ, ಏಸಿ ಎಲ್ಲಕ್ಕೂ ಅದರಲ್ಲಿ ಮಿತಿ ಇದೆ. ಅಂಗಡಿಗೊಂದು ಮೀಟರ್ ಎಂದು ಭಾರವನ್ನು ಚೂರು ಮಾಡಿ ತೋರಿಸುವುದು ಹಳೆಯ ಉಪಾಯ. ಇಡೀ ಸಾಲನ್ನು ಒಂದೇ ಕಟ್ಟಡವೆಂದು ಲೆಕ್ಕ ಹಿಡಿಯಬೇಕೆಂದು ಬರೆಸಿ. ಮನೆಗಳಿಗೂ 2018ರಲ್ಲಿ ಇಕೋ ನಿವಾಸ್ ಸಂಹಿತೆ ಬಂದಿದೆ, ಗೋಡೆ ಮತ್ತು ಕಿಟಕಿಯ ಮೂಲಕ ಒಳಗೆ ಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಎಂಬ ಮಿತಿ ಅದರಲ್ಲಿದೆ. ಅಷ್ಟೆಲ್ಲ ಲೆಕ್ಕ ಬೇಡವೆಂದರೆ ನಮ್ಮ ಅಜ್ಜನ ಕಾಲದ ಬುದ್ಧಿಯಾದರೂ ಇರಲಿ: ಪಶ್ಚಿಮದ ಕಿಟಕಿಗೆ ಅಗಲವಾದ ಛಜ್ಜಾ. ನಮ್ಮಲ್ಲಿ ಮುಂಗಾರಿನ ಮಳೆಯೂ ಗಾಳಿಯೂ ಬರುವುದು ಪಡುವಣದಿಂದ, ಬೇಸಿಗೆಯ ಇಳಿಬಿಸಿಲೂ ಅಲ್ಲಿಂದಲೇ. ಒಂದು ಛಜ್ಜಾ ಮಳೆಗೂ ಆಗುತ್ತದೆ, ಬಿಸಿಲನ್ನೂ ಒಂದಿಷ್ಟು ತಡೆಯುತ್ತದೆ.

ಇನ್ನೊಂದು ವಿಷಯ. ಹಸಿರೆಲ್ಲ ಕಾಂಪೌಂಡಿನ ಒಳಗೇ ಇದ್ದರೆ ಹೊರಗೆ ನಡೆಯುವವರಿಗೇನು? ಪಶ್ಚಿಮದ ಪಟ್ಟಿಯಲ್ಲಿ ಗೋಡೆ ಕಟ್ಟುವುದಾದರೆ ಮರದ ಒಳಬದಿಗೆ ಕಟ್ಟಲಿ. ನೆರಳು ಬಸ್ಸಿಗೆ ಹೋಗುವವರಿಗೆ ಸಿಗಲಿ.

ಸಾಧನಕೇರಿ

ಗೋಡೆಯ ಆಚೆ ಮರ ಬಿಟ್ಟರೆ ಮರದ ಕೆಳಗೆ ಮೊದಲು ಎಗ್‌ರೈಸ್ ಗಾಡಿ ಬರುತ್ತದೆ, ಆಮೇಲೆ ಅದರ ಪಕ್ಕದಲ್ಲಿ ಪಾನ್ ಅಂಗಡಿ.

ಚಿಗರಿ ಪ್ರಯಾಣಿಕೆ

ಬರಲಿ ಬಿಡಿ. ಗಾಡಿಯವನು ಮರಕ್ಕೆ ನೀರನ್ನಾದರೂ ಹಾಕುತ್ತಾನೆ.

ಹಳೇ ಕಡತ

ನಗರ ಯೋಜನೆಯ ಕಡತಗಳ ನಡುವೆ ನೌಕರಿ ಮುಗಿಸಿ ನಿವೃತ್ತನಾದವನು. ಎಲ್ಲರೂ ಏನು ಬರೆಸಬೇಕೆಂದು ಹೇಳಿದ್ದೀರಿ; ಎಲ್ಲಿ ಬರೆಸಬೇಕು ಎಂಬುದನ್ನು ನಾನು ಹೇಳುತ್ತೇನೆ. ಅರ್ಧ ಗೆಲುವು ಅದರಲ್ಲಿದೆ.

ಪರವಾನಗಿ ಪತ್ರದ ಬೆನ್ನಿಗೆ ಷರತ್ತುಗಳ ಹಾಳೆ ಹಚ್ಚುತ್ತಾರೆ. ಅದನ್ನು ಮಂಜೂರಾತಿಯ ದಿನ ಒಬ್ಬ ಗುಮಾಸ್ತ ಓದುತ್ತಾನೆ, ಮತ್ತೆ ಯಾರೂ ಓದುವುದಿಲ್ಲ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಕಡತಗಳು ಮನೆ ಬದಲಿಸುವಾಗ ಬಿಡಿ ಹಾಳೆ ಕಳೆಯುವುದು ಸುಲಭ. ನಕ್ಷೆ ಹಾಗೆ ಕಳೆಯುವುದಿಲ್ಲ. ಆದ್ದರಿಂದ ಪ್ರತಿ ಮರದ ಜಾಗ, ಸಹಜ ನೆಲದ ಪಟ್ಟಿಯ ಅಳತೆ, ಉಳಿಸುವ ಹುಣಸೆ ಮತ್ತು ಬೇವು, ಫಲಕದ ಜಾಗ ಇವೆಲ್ಲ ಮಂಜೂರಾದ ನಕ್ಷೆಯ ಮೇಲೇ ಗುರುತಾಗಬೇಕು. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯ 14ನೇ ಕಲಮಿನಂತೆ ಮಂಜೂರಾದ ನಕ್ಷೆಯಲ್ಲಿ ಸಾಮಾನ್ಯ ಜಾಗವನ್ನು ಬದಲಿಸಬೇಕೆಂದರೆ ಮನೆ ಕೊಂಡವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ಅದೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ಗುಣಮಟ್ಟದಲ್ಲಿ, ಸೇವೆಗಳಲ್ಲಿ ದೋಷ ಕಂಡರೆ ತಿಳಿಸಿದ ಮೂವತ್ತು ದಿನಗಳಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಶುದ್ಧೀಕರಣ ಘಟಕ ಮಾರಾಟದ ಕರಾರಿನಲ್ಲಿ ಸೇವೆ ಎಂದು ನಮೂದಾಗಿರಲಿ.

ಷರತ್ತು ಮುರಿದರೆ ವಸೂಲಿ ಮಾಡಿಕೊಳ್ಳಲು ಬ್ಯಾಂಕ್ ಖಾತರಿ ಕೇಳುವ ಆಸೆ ನಿಮ್ಮಲ್ಲಿ ಯಾರಿಗಾದರೂ ಬಂದಿರಬಹುದು. ಪಾಲಿಕೆಯ ಕಟ್ಟಡ ನಿಯಮದಲ್ಲಿ ಆಧಾರವಿಲ್ಲದ ಷರತ್ತನ್ನು ಪಾಲಿಕೆ ಹೇರಿದರೆ ಅವರು ನೆಟ್ಟಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುತ್ತಾರೆ, ತಡೆಯಾಜ್ಞೆ ತರುತ್ತಾರೆ, ಷರತ್ತಿನ ಜೊತೆ ನಿಮ್ಮ ಒಳ್ಳೆಯ ಬೇಡಿಕೆಗಳೂ ತೇಲಿ ಹೋಗುತ್ತವೆ. ಹೇರುವ ಬದಲು ಅವರೇ ಬರೆದು ಕೊಡುವಂತೆ ಮಾಡಿ. ಇಳಿಜಾರು ಸರಿಸಿದರೆ ಹೋಗುವ ನಾಲ್ಕೈದು ಕಾರಿನ ಜಾಗದ ಬಗ್ಗೆ ನಿಯಮದೊಳಗೆ ಪಾಲಿಕೆ ಏನಾದರೂ ಸಹಾಯ ಮಾಡಬಹುದೇ ಎಂದು ಅಧಿಕಾರಿಯನ್ನೇ ಕೇಳಿ. ಕೊಡುವುದಕ್ಕೆ ಕೈಯಲ್ಲಿ ಏನಾದರೂ ಇದ್ದಾಗ ಅಫಿಡವಿಟ್ ಬರೆಸಿಕೊಳ್ಳುವುದು ಸಲೀಸು.

ನಿರ್ಮಿತ ಪ್ರದೇಶ ಎಷ್ಟೆಂದು ಮೊದಲು ತಿಳಿದುಕೊಳ್ಳಿ. 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ರಾಜ್ಯ ಮಟ್ಟದ ಪ್ರಾಧಿಕಾರದಿಂದ ಪರಿಸರ ಅನುಮತಿ ಬೇಕು, ಆರು ತಿಂಗಳಿಗೊಮ್ಮೆ ಪಾಲನಾ ವರದಿ ಕೊಡಬೇಕು. 180 ಮನೆ, ಅಂಗಡಿ ಸಾಲು, ನೆಲಮಾಳಿಗೆ ಎಂದರೆ ದಾಟುವ ಸಾಧ್ಯತೆಯೇ ಹೆಚ್ಚು. ಕಾಗದದಲ್ಲಿ 19,900 ಎಂದಿದ್ದರೆ ಯಾವುದನ್ನು ಲೆಕ್ಕದಿಂದ ಬಿಟ್ಟಿದ್ದಾರೆ ಎಂದು ಕೇಳಿ. ಮರದ ವಿಷಯಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವಾಗ ಸಾರ್ವಜನಿಕ ಪ್ರಕಟಣೆ ಕೊಡಬೇಕು. ನಿಮ್ಮಲ್ಲಿರುವುದು ಎಂಟು, ಪ್ರಕಟಣೆ ಬರುವುದಿಲ್ಲ. ಕಾಯುತ್ತ ಕೂರದೆ ವೃಕ್ಷ ಅಧಿಕಾರಿಗೆ ಈಗಲೇ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೊನೆಯ ಹಿಡಿತ ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಿದ ಮೇಲೆ ವಾಸಕ್ಕೆ ಪಾಲಿಕೆ ಕೊಡುವ ಒಪ್ಪಿಗೆ. ಹಿಂದೆ ಅದಿಲ್ಲದೆಯೂ ಕರೆಂಟು ಬರುತ್ತಿತ್ತು, ಜನ ಒಳಗೆ ಹೋಗುತ್ತಿದ್ದರು, ಹಾಗಾಗಿ ಅದಕ್ಕೆ ಬೆಲೆ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಆ ಪತ್ರ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿತು. ಹೆಸ್ಕಾಂ ಬಾಗಿಲಲ್ಲಿ ಎಷ್ಟು ಜನ ಪರದಾಡಿದರೆಂದು ಮೀಟರ್ ಬೋರ್ಡ್ ಅವರಿಗೆ ಗೊತ್ತಿರುತ್ತದೆ. ಸಣ್ಣ ಮನೆಯವರಿಗೆ ಅದು ತಲೆನೋವಾದದ್ದು ನಿಜ, ಆದರೆ ಇಂಥ ದೊಡ್ಡ ಯೋಜನೆಯಲ್ಲಿ ಪಾಲಿಕೆಗೆ ಅದು ಒಳ್ಳೆಯ ಕೀಲಿಕೈ. ಮರ ಎಣಿಕೆ, ಘಟಕ ಓಡಿಸಿ ನೋಡುವುದು, ಫಲಕದ ಮೀಟರ್ ತಿರುಗುವುದು, ಈ ಮೂರೂ ಆ ಪತ್ರಕ್ಕೆ ಮುಂಚೆ ಆಗಬೇಕು.

ಮೀಟರ್ ಬೋರ್ಡ್

ಪರದಾಡಿದವರ ಸಾಲಿನಲ್ಲಿ ನನ್ನ ಗಿರಾಕಿಗಳೇ ಅರ್ಧ ಇದ್ದರು, ಹಿರಿಯರೇ. ಒಂದು ಸೇರ್ಪಡೆ: ಶುದ್ಧೀಕರಣ ಘಟಕಕ್ಕೆ ಪ್ರತ್ಯೇಕ ಉಪಮೀಟರ್ ಕೂರಿಸಲಿ, ಅದರ ರೀಡಿಂಗನ್ನು ತಿಂಗಳಿಗೊಮ್ಮೆ ಗೇಟಿನ ಫಲಕದಲ್ಲಿ ಬರೆಯಲಿ. ಯೂನಿಟ್ ಕುಸಿಯಿತೆಂದರೆ ಬ್ಲೋವರ್ ನಿಂತಿದೆ ಎಂದೇ ಅರ್ಥ. ವಾಸನೆ ಬರುವ ತನಕ ಕಾಯಬೇಕಾಗಿಲ್ಲ.

ಎರೆಹೊಲ

ಮರ ಎಣಿಕೆಯ ಬಗ್ಗೆ ಒಂದು ಎಚ್ಚರಿಕೆ. ಸ್ವಾಧೀನಾನುಭವ ಪತ್ರದ ಹಿಂದಿನ ವಾರ ಇನ್ನೂರು ಗಿಡ ತಂದು ನಿಲ್ಲಿಸುತ್ತಾರೆ, ನನ್ನಂಥವರೇ ಲಾರಿಯಲ್ಲಿ ಕಳುಹಿಸುತ್ತೇವೆ! ಗಡಿಯ ಗಿಡಗಳನ್ನು ಕಾಮಗಾರಿಯ ಮೊದಲ ಮಳೆಗಾಲದಲ್ಲೇ ನೆಡಲಿ. ಕಟ್ಟಡ ಮೂರು ವರ್ಷ ಏಳುವಷ್ಟರಲ್ಲಿ ಬೇರು ಹಿಡಿದಿರುತ್ತದೆ, ಆಮೇಲೆ ನೀರೂ ಹೆಚ್ಚು ಬೇಡ. ಹುಲ್ಲುಹಾಸನ್ನು ಮೂರನೇ ಒಂದಕ್ಕೆ ಇಳಿಸಿ ಎಂದರೆ ಬಿಲ್ಡರಿಗೂ ಖರ್ಚು ಉಳಿಯುತ್ತದೆ. ಚೌಕಾಸಿಯಲ್ಲಿ ನಿಮ್ಮ ಕಡೆಯಿಂದ ಕೊಡಬಹುದಾದ ವಸ್ತು ಅದು.

ನವನಗರ ನಿವಾಸಿ

ಸಭೆ ಮುಗಿಯಿತು. ನಿಮ್ಮ ಮಾತುಗಳನ್ನು ಎರಡು ಪುಟಕ್ಕೆ ಇಳಿಸಿ ಕೊಟ್ಟಿದ್ದೆವು. ಅಧಿಕಾರಿ ಓದಿ, ಮೇಜಿನ ಆಚೆ ತಳ್ಳಿ, "ಇದರಲ್ಲಿ ಬೈಗುಳ ಇಲ್ಲವಲ್ಲ" ಎಂದು ನಕ್ಕರು.

ಇಳಿಜಾರು ಪೂರ್ವಕ್ಕೆ ಹೋಗುತ್ತದೆ. ಹುಣಸೆ ಮತ್ತು ನಾಲ್ಕು ಬೇವು ನಕ್ಷೆಯ ಮೇಲೆ ಉಳಿಸುವ ಮರಗಳೆಂದು ಗುರುತಾಗಲಿವೆ. ಅರಳಿ ಮತ್ತು ಎರಡು ಬೇವು ಮೂರನೆಯ ಕಟ್ಟಡದ ಅಡಿಪಾಯದೊಳಗೆ ಬರುತ್ತವೆ, ಅವುಗಳನ್ನು ಉಳಿಸಲು ಆಗಲಿಲ್ಲ. ಪಶ್ಚಿಮಕ್ಕೆ ಐದು ಮೀಟರ್ ಅಗಲದ ಸಹಜ ನೆಲದ ಪಟ್ಟಿ ಸಿಕ್ಕಿತು, ನಾವು ಕೇಳಿದ್ದು ಆರು. ಹುಲ್ಲುಹಾಸು 500 ಚದರ ಮೀಟರಿಗೆ ಇಳಿಯಿತು. ಇದನ್ನು ಕೇಳಿದಾಗ ವಾಸ್ತುಶಿಲ್ಪಿಯ ಮುಖ ಬಾಡಿತು, ಲೆಕ್ಕ ನೋಡುವವರ ಮುಖ ಅರಳಿತು. ಗಡಿಯ ಗಿಡಗಳನ್ನು ಮೊದಲ ಮಳೆಗಾಲದಲ್ಲಿ ನೆಡುವುದಕ್ಕೆ ಅಫಿಡವಿಟ್ ಕೊಡುತ್ತಾರೆ.

ಸೌರ ವಿದ್ಯುತ್ತಿನಲ್ಲಿ ಬ್ಲೋವರಿನ ನೂರು ಯೂನಿಟ್ ಲೆಕ್ಕ ಕೆಲಸ ಮಾಡಿತು. 30 ಕಿಲೋವ್ಯಾಟ್ ಅವರು ಹಾಕುತ್ತಾರೆ, ಉಳಿದ 20ಕ್ಕೆ ಚೌಕಟ್ಟು ಮತ್ತು ಕೇಬಲ್ ಸಿದ್ಧ ಮಾಡಿ ಕೊಡುತ್ತಾರೆ, ಸಂಘ ಸಹಾಯಧನಕ್ಕೆ ಅರ್ಜಿ ಹಾಕಿಕೊಳ್ಳಬೇಕು. ಉಪಮೀಟರಿಗೆ ಒಪ್ಪಿದರು. ರೀಡಿಂಗನ್ನು ಗೇಟಿನಲ್ಲಿ ಬರೆಯುವುದಕ್ಕೆ ಒಪ್ಪಲಿಲ್ಲ, ಮನೆ ಮಾರಾಟಕ್ಕೆ ತೊಂದರೆಯಂತೆ. ಪಾಲಿಕೆಗೆ ಮೂರು ತಿಂಗಳಿಗೊಮ್ಮೆ ಕಳುಹಿಸುತ್ತಾರೆ. ಬಿಸಿನೀರಿನ ಮರುಹರಿವಿನ ಕೊಳವೆ ಸೇರಿತು. ಅಂಗಡಿ ಸಾಲನ್ನು ಒಂದೇ ಕಟ್ಟಡವೆಂದು ಹಿಡಿಯುವ ವಿಷಯದಲ್ಲಿ ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದರು, ಅಂದರೆ ಸದ್ಯಕ್ಕೆ ಇಲ್ಲ. ಛಜ್ಜಾ ಬರುತ್ತದೆ. ಗೋಡೆಯನ್ನು ಮರದ ಒಳಬದಿಗೆ ಕಟ್ಟುವುದಕ್ಕೆ ಅವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಗೋಡೆಯ ಬದಲು ಜಾಲರಿ ಹಾಕುತ್ತಾರೆ. ಹುಣಸೆಯ ಕೊಂಬೆಗಳು ಈಗಲೇ ರಸ್ತೆಯ ಅರ್ಧಕ್ಕೆ ಬಂದಿರುವುದರಿಂದ ನಾವೂ ಹೆಚ್ಚು ಎಳೆಯಲಿಲ್ಲ.

ಪರಿಸರ ಅನುಮತಿಯ ಪ್ರಶ್ನೆ ಕೇಳಿದಾಗ ನಿರ್ಮಿತ ಪ್ರದೇಶದ ಹಾಳೆಯನ್ನು ಮರುದಿನ ಕೊಡುತ್ತೇವೆ ಎಂದರು. ಇನ್ನೂ ಕೊಟ್ಟಿಲ್ಲ. ಹಳೇ ಕಡತ ಅವರೇ, ಮಾಹಿತಿ ಹಕ್ಕಿನ ಅರ್ಜಿಯ ಒಕ್ಕಣೆಗೆ ನಿಮ್ಮ ಸಹಾಯ ಬೇಕಾಗುತ್ತದೆ.

ಹಳೇ ಕಡತ

ಕಳುಹಿಸುತ್ತೇನೆ. ನಕ್ಷೆಯ ದೃಢೀಕೃತ ಪ್ರತಿಯನ್ನೂ ಅದೇ ಅರ್ಜಿಯಲ್ಲಿ ಕೇಳಿ. ಸಭೆಯ ನಡಾವಳಿಗೆ ಎಲ್ಲರ ಸಹಿ ಆಗಿದೆಯೇ?

ನವನಗರ ನಿವಾಸಿ

ಪಾಲಿಕೆಯವರದು ಆಗಿದೆ. ಕಟ್ಟುವವರದು ಸೋಮವಾರ ಎಂದಿದ್ದಾರೆ.

ಎರೆಹೊಲ

ಸೋಮವಾರದ ಸಹಿಗಿಂತ ಮೊದಲು ಇನ್ನೊಂದು ಸಾಲು ಸೇರಿಸಿ. ಹುಣಸೆಯ ಕೊಂಬೆಗಳು ಹರಡಿರುವಷ್ಟು ಅಗಲಕ್ಕೆ ನೆಲದ ಮೇಲೆ ಬೇಲಿ ಹಾಕಬೇಕು, ಅಗೆತ ಶುರುವಾಗುವ ಮೊದಲೇ. ಅದರೊಳಗೆ ಜೆಸಿಬಿ ಹೋಗಬಾರದು, ಜಲ್ಲಿ ಸುರಿಯಬಾರದು, ಸಿಮೆಂಟ್ ಕಲಸಬಾರದು. ನಕ್ಷೆಯಲ್ಲಿ ಉಳಿದ ಮರಗಳು ಸಾಯುವುದು ಹೀಗೆಯೇ. ಬೇರು ಕತ್ತರಿಸಿದ ಎರಡು ವರ್ಷಕ್ಕೆ ತುದಿ ಒಣಗುತ್ತದೆ, ಆಗ ತಾನಾಗಿ ಒಣಗಿತು ಎಂದು ಕಡಿಯುತ್ತಾರೆ. ಭಾನುವಾರ ಬೆಳಿಗ್ಗೆ ಬಂದು ಕಾಂಡದ ಸುತ್ತಳತೆ, ಕೊಂಬೆಯ ಹರವು ಅಳೆದು ಕೊಡುತ್ತೇನೆ. ಇನ್ನೊಬ್ಬರು ಟೇಪಿನ ಆ ತುದಿ ಹಿಡಿಯಲು ಬೇಕು.

ಸಾಧನಕೇರಿ

ನಾನು ಬರುತ್ತೇನೆ. ಏಳು ಗಂಟೆಗೆ ಆಗಬಹುದೇ? ಆಮೇಲೆ ಬಿಸಿಲು.